'ನೆಮೋ ಸೆಟ್' ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಮೈಸೂರಿನಲ್ಲಿ ಅಕ್ವೇರಿಯಂ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. 'ಫೈಂಡಿಂಗ್ ನೆಮೋ' ನೋಡಿ ಆ ಕಿತ್ತಳೆ ಬಣ್ಣದ ಮೀನೇ ಬೇಕು ಅಂತ ಹಠ ಹಿಡಿದ ಮಗು ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ವಿಷಯ ಇಷ್ಟೇ: ಸಮುದ್ರದ ಮೀನನ್ನೂ ಅದರ ಟ್ಯಾಂಕನ್ನೂ ಒಂದೇ ದಿನ ಒಟ್ಟಿಗೆ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ, ದುಡ್ಡು ಜೇಬಿನಲ್ಲೇ ಇರಲಿ, ಸುಮ್ನೆ ಎದ್ದು ಬನ್ನಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಇದೇ ಸೆಟ್ಟನ್ನು ಬೇರೆ ಕಡೆಯೂ ನೋಡಿದ್ದೇನೆ.

ನಾವು ಹೋದ ಅಂಗಡಿಯಲ್ಲಿ ಗೋಡೆ ತುಂಬ ಆ ಸಿನಿಮಾದ ದೊಡ್ಡ ಪೋಸ್ಟರ್ ಇತ್ತು. ಅದರ ಕೆಳಗೆ ಸಾಲಾಗಿ ಟ್ಯಾಂಕ್‌ಗಳು. ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ಬರೆದ ಚೀಟಿ: ನೆಮೋ, ಡೋರಿ, ಗಿಲ್. ಮೀನುಗಳಿಗೆ ಬೇರೆ ಹೆಸರೇ ಇರಲಿಲ್ಲ. ಎಲ್ಲಿಂದ ಬಂದವು, ಎಷ್ಟು ದೊಡ್ಡದಾಗುತ್ತವೆ, ಏನು ತಿನ್ನುತ್ತವೆ, ಒಂದು ಮಾತೂ ಇಲ್ಲ. ನನ್ನ ಮಗ ಒಂದೊಂದು ಟ್ಯಾಂಕಿನ ಮುಂದೆಯೂ ಹೆಸರು ಹೇಳಿ ಕುಣಿದ. ಅಂಗಡಿಯವರು ನಗುತ್ತಾ, "ನೋಡಿ ಸಾರ್, ನಿಮ್ಮ ಹುಡುಗನಿಗೆ ನನಗಿಂತ ಜಾಸ್ತಿ ಗೊತ್ತು" ಅಂದರು. ಇಂಥ ಮಾತು ಕೇಳಿದ ಮೇಲೆ ಬರಿಗೈಯಲ್ಲಿ ವಾಪಸ್ ಬರೋ ಅಪ್ಪ ಯಾರಿದ್ದಾರೆ ಹೇಳಿ.

ಸೆಟ್‌ನಲ್ಲಿ ಏನಿತ್ತು ಅಂದರೆ, ಎರಡಡಿ ಉದ್ದದ ಗಾಜಿನ ಟ್ಯಾಂಕ್, ಮೇಲೆ ಕೂರುವ ಫಿಲ್ಟರ್, ನೀಲಿ ಎಲ್‌ಇಡಿ, ಒಂದು ಚೀಲ ಸಮುದ್ರದ ಉಪ್ಪು, ಪ್ಲಾಸ್ಟಿಕ್ ಹವಳ. ಜೀವ ಇರುವುದು ನಾಲ್ಕು: ಎರಡು ನೆಮೋ, ಒಂದು ಡೋರಿ, ಒಂದು ಸಿಗಡಿ. ಎಲ್ಲ ಸೇರಿ 24,000 ರೂಪಾಯಿ. ಜೊತೆಗೆ 'ಬ್ಯಾಕ್ಟೀರಿಯಾ' ಅಂತ ಒಂದು ಸಣ್ಣ ಬಾಟಲಿ ಫ್ರೀ. ನಲ್ಲಿ ನೀರಿಗೆ ಕ್ಲೋರಿನ್ ಹೋಗೋ ಹನಿ ಹಾಕಿ, ಉಪ್ಪು ಕಲಸಿ, ಬಾಟಲಿ ಸುರಿದು, ಸಂಜೆ ಮೀನು ಬಿಡಿ ಅಂದರು.

ಈ 'ಸಂಜೆ ಮೀನು ಬಿಡಿ' ಅನ್ನೋ ಮಾತೇ ಮೋಸ. ಮೀನಿನ ಗಲೀಜು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಆಗುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ಮೀನಿಗೆ ವಿಷ, ಕೊನೆಯದು ಅಷ್ಟಾಗಿ ಅಲ್ಲ. ಈ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನಲ್ಲಿ ನೆಲೆ ನಿಲ್ಲೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಒಳ್ಳೆಯ ಬಾಟಲಿ ಇದ್ದರೆ ಸ್ವಲ್ಪ ಬೇಗ ಆಗಬಹುದು. ಆದರೆ ಆಯಿತೋ ಇಲ್ಲವೋ ಅಂತ ಟೆಸ್ಟ್ ಕಿಟ್‌ನಲ್ಲಿ ನೋಡಿ ತಿಳಿಯಬೇಕು. ನಮ್ಮ ಸೆಟ್‌ನಲ್ಲಿ ಟೆಸ್ಟ್ ಕಿಟ್ ಇರಲೇ ಇಲ್ಲ. ಸಮುದ್ರದ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 8ರ ಮೇಲಿರುತ್ತೆ, ಪಿಎಚ್ ಜಾಸ್ತಿಯಾದಷ್ಟೂ ಅಮೋನಿಯಾದ ವಿಷವೂ ಜಾಸ್ತಿ. ಸಿಹಿನೀರಿನಲ್ಲಿ ಗಪ್ಪಿ, ಮೋಲಿ ಹೇಗೋ ತಡೆದುಕೊಂಡು ಬದುಕಿದ್ದನ್ನು ನೋಡಿ, ಇದೂ ಹಾಗೇ ಅಂದುಕೊಳ್ಳಬೇಡಿ.

ಮೊದಲ ಕೆಲವು ದಿನ ಮನೆಯಲ್ಲಿ ಹಬ್ಬ. ಪಕ್ಕದ ಬೀದಿಯ ಮಕ್ಕಳೆಲ್ಲ ಬಂದರು. ಆಮೇಲೆ ಡೋರಿ ಮೇವು ಬಿಟ್ಟಿತು. ಅಷ್ಟು ಗಾಢ ನೀಲಿ ಇದ್ದದ್ದು ಬೂದಿ ಬಣ್ಣಕ್ಕೆ ತಿರುಗಿತು. ಮೈ ಮೇಲೆ, ರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಹೋಗಿ ಹೋಗಿ ಪ್ಲಾಸ್ಟಿಕ್ ಹವಳಕ್ಕೆ ಮೈ ಉಜ್ಜುತ್ತಿತ್ತು. ಕಿವಿರು ಎಷ್ಟು ಜೋರಾಗಿ ಬಡಿಯುತ್ತಿತ್ತು ಅಂದರೆ, ಗಾಜಿನ ಹತ್ತಿರ ಮುಖ ಇಟ್ಟರೆ ಅದು ಉಸಿರಿಗೆ ಪಡುತ್ತಿದ್ದ ಪಾಡು ಕಾಣುತ್ತಿತ್ತು. ಮಗ ಕೇಳಿದ, "ಅಪ್ಪಾ, ಅದಕ್ಕೆ ಜ್ವರಾನಾ?"

ಫೋಟೋ ಕಳಿಸಿದೆ. ಅಂಗಡಿಯವರು, "ಇಚ್ ಬಂದಿದೆ ಸಾರ್, ಔಷಧಿ ಹಾಕಿ ಸರಿಹೋಗುತ್ತೆ" ಅಂತ ಒಂದು ನೀಲಿ ಬಾಟಲಿ ಕೊಟ್ಟರು. ಇಚ್ ಅಂದರೆ ಬಿಳಿಚುಕ್ಕೆ ರೋಗ. ಅದರಲ್ಲಿ ಇದ್ದದ್ದು ತಾಮ್ರ. ಸಮುದ್ರದ ಮೀನಿನ ಬಿಳಿಚುಕ್ಕೆಗೆ ತಾಮ್ರ ಔಷಧಿಯೇ, ಅದು ಸುಳ್ಳಲ್ಲ. ಆದರೆ ಅದನ್ನು ಬೇರೆ ಟ್ಯಾಂಕಿನಲ್ಲಿ, ಅಳತೆ ನೋಡಿಕೊಂಡು ಕೊಡಬೇಕು. ಸಿಗಡಿ, ಹವಳದಂಥ ಜೀವಿಗಳಿಗೆ ತಾಮ್ರ ನೇರವಾಗಿ ವಿಷ. ಅದೇ ಟ್ಯಾಂಕಿನಲ್ಲಿ ಅವರೇ ಮಾರಿದ ಸಿಗಡಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಮಾರನೇ ದಿನ ಬೆಳಗ್ಗೆ ಸಿಗಡಿ ಮಗುಚಿ ಬಿದ್ದಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಸಣ್ಣದು, ಆದರೆ ಎಲ್ಲರೂ ಬೀಳುವ ಗುಂಡಿ. ಏಪ್ರಿಲ್ ತಿಂಗಳು, ಹಾಲ್‌ನಲ್ಲಿ ಇಡೀ ದಿನ ಫ್ಯಾನ್ ಓಡುತ್ತೆ. ಟ್ಯಾಂಕಿನ ನೀರು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಅಂಚಿನ ಗಾಜಿಗೆ, ಫಿಲ್ಟರ್ ಮುಚ್ಚಳಕ್ಕೆ, ವೈರ್‌ಗೆ ಬಿಳಿ ಉಪ್ಪು ಗಟ್ಟಿಯಾಗಿ ಅಂಟುತ್ತಿತ್ತು. ನೀರು ಕಮ್ಮಿ ಆದರೆ ಏನು ಮಾಡಲಿ ಅಂತ ಫೋನ್ ಮಾಡಿದ್ದಕ್ಕೆ, "ಉಪ್ಪು ನೀರೇ ಕಲಸಿ ಹಾಕಿ ಸಾರ್" ಅಂತ ಉತ್ತರ. ಒಂದು ಕ್ಷಣ ಯೋಚಿಸಿ. ಆವಿಯಾಗುವುದು ನೀರು, ಉಪ್ಪಲ್ಲ. ಉಪ್ಪು ಟ್ಯಾಂಕಿನಲ್ಲೇ ಉಳಿದಿರುತ್ತೆ. ಅದರ ಮೇಲೆ ಮತ್ತೆ ಉಪ್ಪು ನೀರು ಹಾಕಿದರೆ ದಿನೇ ದಿನೇ ಉಪ್ಪು ಏರುತ್ತೆ. ಆವಿಯಾದದ್ದನ್ನು ತುಂಬೋಕೆ ಉಪ್ಪಿಲ್ಲದ ನೀರು, ಅದರಲ್ಲೂ ಆರ್‌ಒ ನೀರು ಬೇಕು. ಉಪ್ಪು ನೀರು ಬೇಕಾಗುವುದು ಹಳೇ ನೀರು ತೆಗೆದು ಬದಲಾಯಿಸುವಾಗ ಮಾತ್ರ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ಮೀಟರ್‌ನಲ್ಲಿ ಅದು (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಭಾರ ಅನ್ನೋ ಲೆಕ್ಕ) 1.025ರ ಆಸುಪಾಸು ತೋರಿಸಬೇಕು. ಕೊನೆಗೆ ನಮ್ಮ ಟ್ಯಾಂಕ್ ಅಳೆದಾಗ ಬಂದದ್ದು 1.033.

ಅದನ್ನು ಅಳೆದವರು ಮಂಡ್ಯದವರು. ನನ್ನ ಸಹೋದ್ಯೋಗಿಯ ಭಾವ, ತುಂಬ ವರ್ಷದಿಂದ ಉಪ್ಪು ನೀರಿನ ಟ್ಯಾಂಕ್ ಇಟ್ಟಿರುವವರು. ಒಳಗೆ ಬಂದು ಟ್ಯಾಂಕ್ ನೋಡಿದ ತಕ್ಷಣ, "ಏನ್ ಸಾ ಇದು, ಇಷ್ಟು ಚಿಕ್ಕ ಡಬ್ಬದೊಳಗೆ ಟ್ಯಾಂಗ್ ಬುಟ್ಟವ್ರಲ್ಲ!" ಅಂದರು. ಟ್ಯಾಂಗ್ ಅಂದರೆ ನಮ್ಮ ಡೋರಿ. ಆಮೇಲೆ ಜೇಬಿನಿಂದ ಪೆನ್ನಿನಷ್ಟು ಉದ್ದದ ಒಂದು ಉಪಕರಣ ತೆಗೆದು, ಗಾಜಿನ ತುದಿಗೆ ಒಂದು ಹನಿ ನೀರು ಬಿಟ್ಟು, ಕಿಟಕಿ ಕಡೆ ಹಿಡಿದು ಕಣ್ಣಿಟ್ಟರು. ಅದಕ್ಕೆ ರಿಫ್ರಾಕ್ಟೋಮೀಟರ್ ಅಂತಾರೆ. ಅಂಗಡಿಯವರು ಕೊಟ್ಟಿದ್ದ ಪ್ಲಾಸ್ಟಿಕ್ ಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದ್ದರೂ ಲೆಕ್ಕ ತಪ್ಪುತ್ತಂತೆ. ನೀರಿನ ಬಿಸಿ 31 ಡಿಗ್ರಿ ಇತ್ತು. ಈ ಮೀನುಗಳಿಗೆ 24ರಿಂದ 27 ಇದ್ದರೆ ಸರಿ. ಮೈಸೂರಿನ ಬೇಸಿಗೆಯಲ್ಲಿ ಅಷ್ಟಕ್ಕೆ ಇಳಿಸಬೇಕಾದರೆ ಚಿಲ್ಲರ್ ಬೇಕು. ಅದರ ಬೆಲೆ ಕೇಳಿದರೆ ಇಡೀ ಸೆಟ್‌ನ ದುಡ್ಡು ಇನ್ನೊಮ್ಮೆ ಕೊಟ್ಟ ಹಾಗೆ.

ಡೋರಿ ವಿಷಯವೂ ಅವರಿಂದಲೇ ತಿಳಿದದ್ದು. ಆ ಮೀನಿನ ನಿಜವಾದ ಹೆಸರು ಬ್ಲೂ ಟ್ಯಾಂಗ್. ಅಂಗಡಿಯಲ್ಲಿ ಇದ್ದಾಗ ಬೆರಳುದ್ದ. ಬೆಳೆದರೆ 30 ಸೆಂಟಿಮೀಟರ್, ಅಂದರೆ ಒಂದಡಿ. ಎರಡಡಿ ಟ್ಯಾಂಕಿನಲ್ಲಿ ಒಂದಡಿ ಮೀನು ತಿರುಗುವುದಾದರೂ ಹೇಗೆ? ಪಳಗಿದವರು ಇದಕ್ಕೆ ಹೇಳುವುದು ಆರಡಿ ಟ್ಯಾಂಕ್, 600 ಲೀಟರಿನ ಮೇಲೆ ನೀರು. ನಮ್ಮದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 70 ಲೀಟರ್. ಬಾಲದ ಬುಡದಲ್ಲಿ ಎರಡೂ ಕಡೆ ಚೂಪಾದ ಮುಳ್ಳು ಇರುತ್ತೆ, ಬರಿಗೈಯಲ್ಲಿ ಮುಟ್ಟಬಾರದು. ಬಿಳಿಚುಕ್ಕೆ ರೋಗಕ್ಕೆ ಬೇಗ ಸಿಗುವ ಮೀನು ಕೂಡ ಇದೇ. ಹೊಸಬರಿಗೆ ಕೊಡಲೇಬಾರದ ಮೀನನ್ನು ಹೊಸಬರ ಸೆಟ್‌ಗೆ ಸೇರಿಸಿ ಮಾರುತ್ತಾರೆ, ಯಾಕೆಂದರೆ ಅದು ಸಿನಿಮಾದಲ್ಲಿದೆ. ಅಂಗಡಿಯಲ್ಲಿ ತೆಗೆದ ಫೋಟೋದಲ್ಲಿ 'ಗಿಲ್' ಅಂತ ಚೀಟಿ ಅಂಟಿಸಿದ್ದ ಮೀನನ್ನು ತೋರಿಸಿದಾಗ ಮಂಡ್ಯದವರು ನಕ್ಕೇಬಿಟ್ಟರು. ಸಿನಿಮಾದ ಗಿಲ್ ಮೂರಿಷ್ ಐಡಲ್ ಅನ್ನೋ ಜಾತಿ. ಸಮುದ್ರದಲ್ಲಿ ಅದರ ಮುಖ್ಯ ಆಹಾರ ಸ್ಪಂಜು, ಟ್ಯಾಂಕಿನಲ್ಲಿ ಉಳಿಸಿಕೊಳ್ಳುವುದು ಪಳಗಿದವರಿಗೂ ಕಷ್ಟ. ಚೀಟಿಯ ಕೆಳಗೆ ಇದ್ದದ್ದು ನೋಡೋಕೆ ಹಾಗೇ ಕಾಣುವ ಬ್ಯಾನರ್ ಫಿಶ್.

ಬ್ಲೂ ಟ್ಯಾಂಗ್ ಸತ್ತಿತು. ಒಂದು ನೆಮೋನೂ ಹೋಯಿತು.

ಅಂಗಡಿಗೆ ಹೋಗಿ ಕೇಳಿದೆ. "ಜೀವದ ವ್ಯಾಪಾರ ಸಾರ್, ಗ್ಯಾರಂಟಿ ಕೊಡೋಕಾಗಲ್ಲ. ನಿಮಗಾದ್ರೆ ಇನ್ನೊಂದು ಡೋರಿ ಅರ್ಧ ರೇಟಿಗೆ ಕೊಡ್ತೀನಿ." ರೋಗ ಇನ್ನೂ ಇರುವ ನೀರಿಗೆ ಇನ್ನೊಂದು ಜೀವ! ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ 'ನೆಮೋ ಸೆಟ್ 24,000' ಅಂತ ಬರೆದು ಕೊಟ್ಟರು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದಿರಲಿ, 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಡೋದಿರಲಿ, ಕೈಯಲ್ಲಿ ಸರಿಯಾದ ಬಿಲ್ ಇದ್ದರೆ ಮಾತಿಗೆ ತೂಕ ಬರುತ್ತೆ. ಮೀನಿನ ಜಾತಿಯ ಹೆಸರು, ಟ್ಯಾಂಕಿನ ಲೀಟರ್ ಎರಡನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲೇ ಗೊತ್ತಾಯಿತಲ್ಲ.

ಇಷ್ಟು ಓದಿದ ಮೇಲೆ ಕೆಲವರು ಸಿನಿಮಾದವರನ್ನು ಬೈಯಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. 2003ರಲ್ಲಿ ಬಂದ ಆ ಕಥೆಯಲ್ಲಿ ಸಿಡ್ನಿಯ ದಂತವೈದ್ಯರ ಟ್ಯಾಂಕಿನಲ್ಲಿರುವ ಮೀನುಗಳೆಲ್ಲ ಮಾಡುವುದು ಒಂದೇ ಕೆಲಸ, ಅಲ್ಲಿಂದ ತಪ್ಪಿಸಿಕೊಳ್ಳೋಕೆ ದಾರಿ ಹುಡುಕುವುದು. ಟ್ಯಾಂಕ್ ಕೊಳ್ಳಿ ಅಂತ ಅದು ಎಲ್ಲೂ ಹೇಳಲಿಲ್ಲ. ಡೋರಿ ಸಿನಿಮಾ 2016ರಲ್ಲಿ ಬಂದಾಗ ಎಲ್ಲರೂ ಬ್ಲೂ ಟ್ಯಾಂಗ್‌ಗೆ ಮುಗಿಬೀಳ್ತಾರೆ ಅಂತ ಪತ್ರಿಕೆಗಳು ಬರೆದವು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ತೆಗೆದು ನೋಡಿದರು. ಇಂಟರ್ನೆಟ್‌ನಲ್ಲಿ ಆ ಮೀನಿನ ಬಗ್ಗೆ ಹುಡುಕಾಟ ಜಾಸ್ತಿ ಆಗಿತ್ತು, ಆದರೆ ಅಮೆರಿಕಕ್ಕೆ ಬರುವ ಬ್ಲೂ ಟ್ಯಾಂಗ್‌ಗಳ ಆಮದು ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಅಂದರೆ ಸಿನಿಮಾ ನೋಡಿದವರು ಕುತೂಹಲಕ್ಕೆ ಹುಡುಕುತ್ತಾರೆ, ಅಷ್ಟೇ. ಆ ಕುತೂಹಲಕ್ಕೆ ಸೆಟ್ ಕಟ್ಟಿ, ರೇಟ್ ಹಾಕಿ, ಮಗುವಿನ ಮುಂದೆ ಇಡುವವರು ಬೇರೆ.

ಸಿನಿಮಾ ಮೇಲೆ ನನ್ನದು ಒಂದೇ ತಕರಾರು. ಮೋರಿಗೆ ಬಿಟ್ಟರೆ ಮೀನು ಸಮುದ್ರಕ್ಕೆ ಸೇರುತ್ತೆ ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಮಗ ಉಳಿದ ನೆಮೋನ ಬಚ್ಚಲಿಗೆ ಬಿಡೋಣ, ಮನೆಗೆ ಹೋಗಲಿ ಅಂತ ಎರಡು ದಿನ ಕಾಡಿದ. ನಮ್ಮ ಊರಿನ ಚರಂಡಿ ನೀರು ಹೋಗುವುದು ವಿದ್ಯಾರಣ್ಯಪುರಂನಂಥ ಕಡೆ ಇರುವ ಶುದ್ಧೀಕರಣ ಘಟಕಕ್ಕೆ ಕಣೋ ಅಂತ ಹೇಳಿ ಒಪ್ಪಿಸಬೇಕಾಯಿತು. ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಬಿಡುವ ಯೋಚನೆಯೂ ಬೇಡ. ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕುವುದಿಲ್ಲ. ಬದುಕುವಂಥ ಬೇರೆ ಅಕ್ವೇರಿಯಂ ಮೀನು ಬಿಟ್ಟರೆ ಕೆರೆಯೇ ಹಾಳು.

ಇಷ್ಟಾದರೂ ಬೇಕೇ ಬೇಕು ಅನ್ನುವವರು ನೆಮೋ ಒಂದನ್ನೇ ಇಟ್ಟುಕೊಳ್ಳಿ. ಅದರ ಹೆಸರು ಕ್ಲೌನ್ ಫಿಶ್, ಗಟ್ಟಿ ಜೀವ. ಟ್ಯಾಂಕಿನಲ್ಲೇ ಮರಿ ಮಾಡಿಸಿದ ಮೀನುಗಳು ಸಿಗುತ್ತವೆ, ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಅದರ ವಿಧಾನ ರೂಪಿಸಿದ್ದಾರೆ. ಸಮುದ್ರದಲ್ಲಿ ಹಿಡಿದದ್ದೋ, ಮರಿ ಮಾಡಿಸಿದ್ದೋ ಅಂತ ಕೇಳಿ. ಬ್ಲೂ ಟ್ಯಾಂಗ್‌ಗೆ ಆ ಮಾತಿಲ್ಲ. ಅದರ ಮರಿಗಳನ್ನು ಫ್ಲೋರಿಡಾ ವಿಶ್ವವಿದ್ಯಾಲಯದವರು ಟ್ಯಾಂಕಿನಲ್ಲಿ ಮೊದಲ ಸಲ ಬೆಳೆಸಿದ್ದೇ 2016ರಲ್ಲಿ. ಮಾರುಕಟ್ಟೆಗೆ ಬರುವ ಬಹುಪಾಲು ಈಗಲೂ ಸಮುದ್ರದಿಂದ ಹಿಡಿದದ್ದು. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆ ಕೆಲವರು ಹವಳದ ಸಂದಿಗೆ ಸಯನೈಡ್ ಚಿಮುಕಿಸಿ ಮೀನಿಗೆ ಅಮಲು ಬರಿಸಿ ಹಿಡಿಯುತ್ತಾರೆ. ನೋಡೋಕೆ ಚೆನ್ನಾಗಿರುವ ಮೀನು ಮನೆಗೆ ಬಂದ ಮೇಲೆ ಕಾರಣವೇ ಇಲ್ಲದೆ ಸಾಯುವುದಕ್ಕೆ ಇದೂ ಒಂದು ಕಾರಣ ಇರಬಹುದು. 'ಒರಿಜಿನಲ್ ಹವಳ ಕೊಡ್ತೀನಿ' ಅಂದರೆ ಅಲ್ಲಿ ನಿಲ್ಲಲೇಬೇಡಿ. ನಮ್ಮ ಸಮುದ್ರದ ಹವಳ, ಕಡಲಕುದುರೆ ಎರಡೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲೇ.

ಅಂದ ಹಾಗೆ, ಕ್ಲೌನ್ ಫಿಶ್ ಜೋಡಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತೆ. ಸಿನಿಮಾದಲ್ಲಿ ನೆಮೋನ ಅಮ್ಮ ಶುರುವಿನಲ್ಲೇ ಸಾಯುತ್ತೆ. ಹಾಗೆ ನೋಡಿದರೆ ಅದರ ಅಪ್ಪ ಅಷ್ಟು ಹೊತ್ತಿಗೆ ಅಮ್ಮ ಆಗಿರಬೇಕಿತ್ತು. ಇದನ್ನು ಮಗನಿಗೆ ಇನ್ನೂ ಹೇಳಿಲ್ಲ.

ಉಳಿದ ಒಂದು ಕ್ಲೌನ್ ಫಿಶ್ ಈಗ ಮಂಡ್ಯದಲ್ಲಿದೆ, ಮೊದಲು ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿಕೊಂಡರಂತೆ. ನಮ್ಮ ಹತ್ತಿರ ಅರ್ಧ ಚೀಲ ಸಮುದ್ರದ ಉಪ್ಪು, ಒಂದು ನೀಲಿ ಎಲ್‌ಇಡಿ ಉಳಿದಿವೆ. ಆಗಲೇ ಉಪ್ಪು ನೀರಿನ ಟ್ಯಾಂಕ್ ನಡೆಸುತ್ತಿರುವವರು ಯಾರಾದರೂ ಕುವೆಂಪುನಗರದ ಕಡೆ ಇದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಹೊಸದಾಗಿ ಶುರು ಮಾಡ್ತೀನಿ ಅನ್ನುವವರಿಗೆ ಮಾತ್ರ ಕೊಡುವುದಿಲ್ಲ.