ಕಪ್ಪು ಗೋಡೆಗೆ ಕಪ್ಪು ಹೂಜಿ

ಬೀದರ್‌ನ ಒಂದು ಹಳೇ ಕಟ್ಟಡದಲ್ಲಿ ಕಲಾವಸ್ತು ಇಡುವ ಕೋಣೆಗಳನ್ನು ಹೊಸದಾಗಿ ಮಾಡಿದ್ದಾರೆ. ಹೆಸರು ಬೇಡ. ನಾನು ಮೂವತ್ತು ವರ್ಷದಿಂದ ಬಿದರಿ ಕೆಲಸ, ಅಂದರೆ ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸಿ ಮೈ ಕಪ್ಪು ಮಾಡುವ ಕೆಲಸ, ಮಾಡುವವನು, ಅಪ್ಪ ಮಾಡಿದ ಒಂದು ಹೂಜಿ ಅಲ್ಲಿದೆ. ಹಾಗಾಗಿ ಟಿಕೆಟ್ ತಗೊಂಡು ಎರಡು ತಾಸು ನಿಂತು ನೋಡಿ ಬಂದೆ.

ಮೊದಲು ಒಳ್ಳೇದು. ಗಾರೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಹಲಗೆ, ದೀಪ, ವೈರು ಎಲ್ಲ ಅದಕ್ಕೇ ಕಟ್ಟಿದ್ದಾರೆ. ಮಳೆಗಾಲದಲ್ಲಿ ಗಾರೆ ಬೆವರುತ್ತದೆ, ಗಾಳಿ ಆಡಬೇಕು. ನಾಳೆ ಬೇಡ ಅನ್ನಿಸಿದರೆ ಎಲ್ಲ ಬಿಚ್ಚಿ ಒಯ್ಯಬಹುದು. ನೆಲದ ಹಳೇ ಕಲ್ಲೂ ಹಾಗೇ ಇದೆ. ಟೈಲ್ಸ್ ಹಾಕಿಲ್ಲ, ಪುಣ್ಯ.

ತೊಂದರೆ ಬಣ್ಣದ್ದು. ಹಲಗೆಗೆಲ್ಲ ಗಾಢ ಬೂದು ಬಳಿದಿದ್ದಾರೆ. ವಿನ್ಯಾಸ ಮಾಡಿದ ಹುಡುಗ ಅಲ್ಲೇ ಇದ್ದ. ಯಾಕಪ್ಪಾ ಅಂತ ಕೇಳಿದ್ದಕ್ಕೆ ಮೊಬೈಲ್ ತೆಗೆದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಫೋಟೋ ತೋರಿಸಿದ. “ಕಾಕಾ, ಹತ್ತು ವರ್ಷ ಮುಚ್ಚಿ 2013ರಲ್ಲಿ ತೆರೆದರು. ಒಳಗಿನ ಕೆಲಸ ಫ್ರಾನ್ಸಿನ ವಿಲ್ಮೋಟ್ ಅವರದು, ಗೋಡೆಗೆಲ್ಲ ಬೂದು ಬಣ್ಣ” ಅಂದ. ಚೆನ್ನಾಗೇ ಇತ್ತು. ಅಲ್ಲಿರೋದು ಮುಖದ ಮೇಲೆ ಬೆಳಕು ಬಿದ್ದ ಬಣ್ಣದ ಚಿತ್ರಗಳು, ಬೂದು ಗೋಡೆ ಮೇಲೆ ಎದ್ದು ಕಾಣುತ್ತವೆ. ನಮ್ಮದು ಮೊದಲೇ ಇದ್ದಿಲಿನಂಥ ಕಪ್ಪು. ಹೂಜಿಯ ಅಂಚು ಎಲ್ಲಿ ಮುಗಿಯಿತು, ಹಲಗೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗಲಿಲ್ಲ. ಬೆಳ್ಳಿ ಬಳ್ಳಿ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಆ ಕಪ್ಪು ಬರಲಿ ಅಂತಲೇ ಅಲ್ವಾ, ಕೋಟೆ ಮಣ್ಣಿಗೆ ನವಸಾಗರದ ಉಪ್ಪು ಬೆರೆಸಿ ಕಾಸಿದ ಪಾತ್ರೆಗೆ ಉಜ್ಜೋದು?

ದೀಪವೂ ನೆತ್ತಿ ಮೇಲಿಂದ. ಬೆಳ್ಳಿ ಫಳ್ ಅಂತ ಕಣ್ಣಿಗೆ ಹೊಡೆಯುತ್ತದೆ, ತಾರ್‌ಕಶಿಯ, ಅಂದರೆ ಬೆಳ್ಳಿ ತಂತಿ ಕೂರಿಸಿದ ಕೆಲಸದ, ಕೂದಲೆಳೆ ಗೆರೆ ಕಾಣೋದೇ ಇಲ್ಲ. ನಾವು ಕೆಲಸಕ್ಕೆ ಕೂರೋದು ಬಾಗಿಲ ಪಕ್ಕ, ಬೆಳಕು ಓರೆಯಾಗಿ ಬೀಳಲಿ ಅಂತ. ಹುಡುಗನಿಗೆ ಹೇಳಿದೆ: ಅಷ್ಟು ದೂರ ಯಾಕೆ, ಕೋಟೆಯೊಳಗೆ ರಂಗೀನ್ ಮಹಲ್‌ಗೆ ಹೋಗು. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡು, ಚಿಪ್ಪಿನ ಬಣ್ಣವೇ ಬದಲಾಗುತ್ತದೆ.

ಹಳೇ ನಕ್ಷೆ ಕಾಗದಗಳಿಗೆ 50 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕು ಇಟ್ಟಿದ್ದು ಸರಿ, ಜಾಸ್ತಿ ಬೆಳಕಿಗೆ ಶಾಯಿ ಮಾಸುತ್ತದೆ. ಲೋಹಕ್ಕೆ ಅಷ್ಟು ಕತ್ತಲು ಬೇಕಾಗಿರಲಿಲ್ಲ.

ಇನ್ನೊಂದು, ಗಾಜಿನ ಸಂದಿಗೆ ಕರಿ ರಬ್ಬರ್ ಪಟ್ಟಿ ಹಾಕಿದ್ದಾರೆ. ಬೆಳ್ಳಿ ತಂತಿಯ ಸುರುಳಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಅಪ್ಪ ಬೈಯುತ್ತಿದ್ದ. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಕೇಳಬೇಕೇ! ಹುಡುಗ ಬರೆದುಕೊಂಡ.

ಕೊನೆಯ ಕೋಣೆಯ ಒಂದು ಮೂಲೆಗೆ ಮಾತ್ರ ನನ್ನ ತಕರಾರಿಲ್ಲ. ಮಕ್ಕಳ ಎತ್ತರಕ್ಕೆ ಇಟ್ಟ ಹಲಗೆ, ಮೇಲೆ ಕೋರಾ ಖಾದಿ ಬಟ್ಟೆ, ಪಕ್ಕದಿಂದ ಬೆಳಕು. ಒಂದೇ ಥರದ ನಾಲ್ಕು ಡಬ್ಬಿ. ಎರಕ ಹೊಯ್ದದ್ದು, ಮೈಲುತುತ್ತ ಬಳಿದು ಗೆರೆ ಕೊರೆದದ್ದು, ಬೆಳ್ಳಿ ಬಡಿದು ಕೂರಿಸಿ ಅರ ಉಜ್ಜಿದ್ದು, ಕಪ್ಪಾದದ್ದು. ಒಬ್ಬಳು ಸ್ಕೂಲ್ ಹುಡುಗಿ ಗಾಜಿಗೆ ಮೂಗು ಒತ್ತಿ, “ಮೂರನೇದರಲ್ಲಿ ಬೆಳ್ಳಿ ಎಲ್ಲಿದೆ?” ಅಂತ ಅಮ್ಮನನ್ನು ಕೇಳುತ್ತಿದ್ದಳು. ಇದೆ, ಆದರೆ ಸತುವಿನ ಮೈಯೂ ಆಗ ಬೆಳ್ಳಗೇ ಇರುತ್ತದೆ, ಅದಕ್ಕೇ ಕಾಣೋದಿಲ್ಲ. ಫಲಕದಲ್ಲಿ ಸುಮ್ನೆ ‘ಹಂತ 3’ ಅಂತ ಬರೆದಿದ್ದಾರೆ. ನಾನೇ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟೆ.

ಐದಕ್ಕೆ ಮೂರು ಸ್ಟಾರ್. ಆ ಮೂಲೆಗೆ ಐದು. ಹೂಜಿಯ ಹಿಂದೆಯೂ ಅದೇ ಖಾದಿ ಹಾಕಿಸುತ್ತೇನೆ ಅಂದಿದ್ದಾನೆ ಹುಡುಗ. ಶ್ರಾವಣದಲ್ಲಿ ಇನ್ನೊಮ್ಮೆ ಹೋಗಿ ನೋಡುತ್ತೇನೆ.