ಮನೆ ವಿಮೆಗೆ ಸೇರಿಸಿಕೊಂಡ ಹೊಣೆಗಾರಿಕೆ ರಕ್ಷಣೆ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮಾಳಿಗೆಯಿಂದ ಹೂಕುಂಡವೊಂದು ಗಾಳಿಗೆ ಉರುಳಿ ನೆರೆಯವರ ಕಾರಿನ ಗಾಜನ್ನು ಒಡೆದಾಗ, ನಮ್ಮಲ್ಲಿದ್ದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ನೆರವಿಗೆ ಬರಲಿಲ್ಲ. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ಪಾಲಿಸಿಯು ಮುಖ್ಯವಾಗಿ ನಮ್ಮದೇ ಕಟ್ಟಡ ಹಾಗೂ ಗೃಹೋಪಯೋಗಿ ವಸ್ತುಗಳ ನಷ್ಟವನ್ನು ತುಂಬಿಕೊಡುತ್ತದೆಯೇ ಹೊರತು, ನಮ್ಮಿಂದ ಪರರಿಗಾದ ಹಾನಿಯನ್ನಲ್ಲ. ವಾಹನಗಳಿಗಾದರೆ 1988ರ ಮೋಟಾರು ವಾಹನ ಕಾಯ್ದೆಯು ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿದೆ; ಮನೆಗೆ ಅಂಥ ಕಟ್ಟಳೆಯಿಲ್ಲ.

ಬಳಿಕ ಹುಬ್ಬಳ್ಳಿಯ ವಿದ್ಯಾನಗರದ ಏಜೆಂಟರೊಬ್ಬರ ಮೂಲಕ ಹೊಣೆಗಾರಿಕೆ ರಕ್ಷಣೆ, ಅಂದರೆ ನಮ್ಮಿಂದ ಪರರಿಗಾಗುವ ಹಾನಿಗೆ ಪರಿಹಾರ, ಇರುವ ಬೇರೊಂದು ಪಾಲಿಸಿಯನ್ನು ಕೊಂಡೆವು. ಉದ್ದೇಶಪೂರ್ವಕ ಹಾನಿಗೆ ಪರಿಹಾರವಿಲ್ಲವೆಂಬುದನ್ನೂ, ವಿಮಾ ಮೊತ್ತದ ಮಿತಿ ಮೀರಿದ್ದನ್ನು ನಾವೇ ಭರಿಸಬೇಕೆಂಬುದನ್ನೂ ಅವರು ಮೊದಲೇ ತಿಳಿಸಿದ್ದು ಮೆಚ್ಚುಗೆಯಾಯಿತು. ಆದರೆ ಷರತ್ತುಗಳ ಪುಸ್ತಿಕೆ ಇಂಗ್ಲಿಷಿನಲ್ಲಷ್ಟೇ ಇದ್ದುದರಿಂದ ತಂದೆಯವರಿಗೆ ನಾನೇ ಸಂಜೆಯೆಲ್ಲ ಓದಿ ಹೇಳಬೇಕಾಯಿತು.