ಬಿಸಿ ಎಂಜಿನ್ ತೋರಿಸಿ ಗಾಡಿ ಕೊಟ್ಟರೆ ನಂಬಬೇಡಿ

ಹೋದ ತಿಂಗಳು ನನ್ನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಆರ್‌ಎಕ್ಸ್ 100 ಬೈಕಿನ ವಿಡಿಯೋ ನೋಡಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲಿ ಎಂಜಿನ್ ಟಿಣ್ ಟಿಣ್ ಅಂತ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ತಾನಾಗಿಯೇ, ಓಡುತ್ತಿದೆ, ನಾನು ಪಕ್ಕದಲ್ಲಿ ಹಲ್ಲು ಕಿಸಿದು ನಿಂತಿದ್ದೇನೆ. ಕೆಳಗೆ ‘ಅಪ್ಪಯ್ಯನ ಗಾಡಿಗೆ ಮರುಜನ್ಮ’ ಅಂತ ಬೇರೆ ಬರೆದಿದ್ದೆ. ಅದನ್ನು ನೋಡಿ ಅದೇ ಗ್ಯಾರೇಜಿಗೆ ಗಾಡಿ ಕೊಡಬೇಕು ಅಂದುಕೊಂಡವರು ಈಗಲೇ ನಿಲ್ಲಿಸಿ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ.

ಗಾಡಿ 1994ರದ್ದು. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ತಂದಿದ್ದು. ಯಮಹಾ ಕಂಪನಿಯವರು 1996ಕ್ಕೇ ಈ ಗಾಡಿ ಮಾಡುವುದನ್ನು ನಿಲ್ಲಿಸಿದರು. ಹಾಗಾಗಿ ಒರಿಜಿನಲ್ ಸಾಮಾನು ಸಿಗೋದು ಎಷ್ಟು ಕಷ್ಟ ಅಂತ ಇಟ್ಟುಕೊಂಡವರಿಗೆಲ್ಲ ಗೊತ್ತು. ನಮ್ಮ ಶಿರಸಿಯ ಗಾಡಿ ಮೇಸ್ತ್ರಿ ಎರಡು ತಿಂಗಳು ಬೇಕು ಅಂದಿದ್ದರು. ನನಗೆ ತಾಳ್ಮೆ ಇರಲಿಲ್ಲ. ಕಾರವಾರ–ಅಂಕೋಲಾ ಹೆದ್ದಾರಿ ಬದಿಯ ಒಂದು ಗ್ಯಾರೇಜು, ಇಂಥ ಟೂ ಸ್ಟ್ರೋಕ್ ಎಂಜಿನ್ ಅಂದರೆ ಅವರೇ ಅಂತ ಯಾರೋ ಹೇಳಿದರು. ಹೆಸರು ಹಾಕುವುದಿಲ್ಲ, ಕೇಳಬೇಡಿ. ಫೋನ್ ಮಾಡಿದರೆ, ‘ಎಂಟು ದಿನ ಮಾಸ್ತರೇ, ಹೊಸ ಗಾಡಿ ಮಾಡಿ ಕೊಡ್ತೆ’ ಅಂದ ಗ್ಯಾರೇಜಿನವನು. ಎಂಟು ದಿನ ಅಂದದ್ದು ಇಪ್ಪತ್ತಾರು ದಿನ ಆಯಿತು. ನಡುವೆ ‘ಬಂಡಿಹಬ್ಬ ಮುಗೀಲಿ ಮಾಸ್ತರೇ’ ಅಂತ ಒಂದು ಸಲ. ಅದಕ್ಕೆ ನನಗೆ ಸಿಟ್ಟಿಲ್ಲ. ಹಬ್ಬ ಎಲ್ಲರಿಗೂ ಇರುತ್ತದೆ.

ಬಿಲ್ 17,800 ರೂಪಾಯಿ. ಬ್ಲಾಕ್ ಬೋರಿಂಗ್ (ಪಿಸ್ಟನ್ ಓಡಾಡುವ ಕೊಳವೆಯನ್ನು ಕೊರೆದು ಅಗಲ ಮಾಡುವುದು), 0.25 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಕಿಟ್, ಕ್ರ್ಯಾಂಕಿಗೆ (ಪಿಸ್ಟನ್ ಕೆಳಗೆ ತಿರುಗುವ ಶಾಫ್ಟ್) ರಾಡ್ ಕಿಟ್, ಬೇರಿಂಗ್, ಆಯಿಲ್ ಸೀಲ್ ಸೆಟ್ (ಶಾಫ್ಟ್ ಸುತ್ತ ಗಾಳಿ, ಆಯಿಲ್ ಸೋರದ ಹಾಗೆ ತಡೆಯುವ ರಬ್ಬರ್ ಬಳೆಗಳು), ಪ್ಯಾಕಿಂಗ್ ಸೆಟ್, ಲೇಬರ್. ಕೊನೆಗೆ ಟ್ಯೂನಿಂಗ್ ಅಂತ ಬೇರೆಯೇ 600. ಆಯಿಲ್ ಸೀಲ್ ಸೆಟ್ ಅನ್ನುವ ಸಾಲು ನೆನಪಿಡಿ.

ಗಾಡಿ ತರೋಕೆ ಹೋದಾಗ ಎಂಜಿನ್ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದ. ‘ನೀವು ಬರ್ತೀರಿ ಅಂತ ಬಿಸಿ ಮಾಡಿ ಇಟ್ಟೆ’ ಅಂದ. ನಾನು, ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ! ಹ್ಯಾಂಡಲ್ ಬಿಟ್ಟು ಎರಡೂ ಕೈ ಕಟ್ಟಿ ನಿಂತ. ‘ನೋಡಿ, ಕೈ ಬಿಟ್ಟೆ. ರೇಸ್ ಕೊಡಬೇಕಾ? ಬೇಡ. ಆಫ್ ಆಗ್ತದಾ? ಆಗೂದಿಲ್ಲ.’ ನಿಜಕ್ಕೂ ಆಗಲಿಲ್ಲ. ಮೊಬೈಲ್ ಅವನ ಹುಡುಗನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತೆ. ಸ್ಟೇಟಸ್ ಅಲ್ಲೇ ಹಾಕಿದೆ. ಗೂಗಲ್‌ನಲ್ಲಿ ಐದು ಸ್ಟಾರ್ ಕೊಡಿ ಅಂದ, ಅದನ್ನೂ ಅಲ್ಲೇ ನಿಂತು ಕೊಟ್ಟೆ. ಹಳೇ ಸಾಮಾನು ಕೊಡಿ ಅಂದರೆ ‘ಅಯ್ಯೋ ಗುಜರಿಗೆ ಹೋಯ್ತಲ್ಲ’ ಅಂದ. ಹೌದಾ ಅಂತ ಸುಮ್ಮನಾದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಸುಳ್ಳು ಹಿಡಿಯುವ ಕೆಲಸ ಮಾಡಿದವನು ನಾನು.

ಕುಮಟಾ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ದೇವಿಮನೆ ಘಟ್ಟ ಹತ್ತುವ ಮೊದಲು ಚಹಾಕ್ಕೆ ನಿಲ್ಲಿಸಿದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೇನೆ, ಎಂಜಿನ್ ಇಳಿಯುವುದೇ ಇಲ್ಲ. ಕಿರ್ರ್ ಅಂತ ತಾನಾಗಿಯೇ ಏರುತ್ತಿದೆ. ಸ್ವಲ್ಪ ಹೊತ್ತಿಗೆ ಇಳಿಯಿತು, ಮತ್ತೆ ಏರಿತು, ಆಮೇಲೆ ಟುಪ್ ಅಂತ ಆಫ್. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಮತ್ತೆ ಅದೇ ಕಥೆ. ಮನೆಗೆ ಬಂದಾಗ ಆಯಿ ಅಂಗಳದಲ್ಲಿದ್ದಳು. ‘ಇದೆಂತ, ಗೂರಲು ಹತ್ತಿದವರ ಹಾಗೆ ಉಸಿರು ಬಿಡ್ತಲ್ಲೋ’ ಅಂದಳು. ಅವಳಿಗೆ ಎಂಜಿನ್ ಗೊತ್ತಿಲ್ಲ. ಆದರೆ ಆ ಗಾಡಿಯ ಸದ್ದು ಮೂವತ್ತು ವರ್ಷದಿಂದ ಕೇಳಿದ್ದಾಳೆ.

ಫೋನ್ ಮಾಡಿದೆ. ಇನ್ನು ಅವನ ಉತ್ತರಗಳನ್ನು ಕೇಳಿ.

ಮೊದಲ ಸಲ: ‘ಹೊಸ ಬೋರ್ ಮಾಸ್ತರೇ, ಟೈಟ್ ಇರ್ತದೆ. 500 ಕಿಲೋಮೀಟರ್ ಓಡ್ಲಿ, ತಾನೇ ಸರಿ ಆಗ್ತದೆ.’ ಕೇಳೋಕೆ ಸರಿ ಅನಿಸುತ್ತದೆ, ಅಲ್ವಾ? ಹೊಸ ಪಿಸ್ಟನ್ ಸೆಟ್ ಆಗೋಕೆ ಟೈಮ್ ಬೇಕು, ಸ್ಲೋ ಮತ್ತೆ ಒಂದೆರಡು ಸಲ ಅಡ್ಜಸ್ಟ್ ಮಾಡಬೇಕು, ಅದೆಲ್ಲ ನಿಜ. ಆದರೆ ಟೈಟ್ ಎಂಜಿನ್ ಆದರೆ ಸ್ಲೋ ಇಳಿದು ಆಫ್ ಆಗಬೇಕು. ನನ್ನದು ಏರುತ್ತಿತ್ತು. ಇದು ನನಗೆ ಹೊಳೆಯೋಕೆ ನಾಲ್ಕು ದಿನ ಬೇಕಾಯಿತು.

ಎರಡನೇ ಸಲ: ‘ನಾವು ಸಮುದ್ರದ ಲೆವೆಲ್ಲಿಗೆ ಟ್ಯೂನ್ ಮಾಡಿದ್ದು. ನಿಮ್ಮ ಘಟ್ಟದ ಮೇಲೆ ಗಾಳಿ ಬೇರೆ.’ ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಅಂದರೆ ಪೆಟ್ರೋಲ್ ಪಾಲು ಜಾಸ್ತಿ ಆಗಬೇಕು. ನನ್ನ ಎಂಜಿನ್‌ನಲ್ಲಿ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಪೂರ್ತಿ ಉಲ್ಟಾ. ಅದೂ ಅಲ್ಲದೆ ಅದು ಕೆಟ್ಟದ್ದು ಘಟ್ಟದ ಬುಡದಲ್ಲಿ!

ಮೂರನೇ ಸಲ, ತಪ್ಪು ಪೆಟ್ರೋಲಿಗೆ ಬೆರೆಸುವ ಎಥನಾಲಿನದ್ದು ಅಂದ. ನಾಲ್ಕನೇ ಸಲ ಅವನೇ ಜೋರು ಮಾಡಿದ: ‘ಏರ್ ಸ್ಕ್ರೂ ನೀವು ಮುಟ್ಟಿದ್ರಾ? ಮುಟ್ಟಿದ್ರೆ ನಮ್ದು ಗ್ಯಾರಂಟಿ ಇಲ್ಲ.’ ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಗಾಳಿ ಹೆಚ್ಚುಕಮ್ಮಿ ಮಾಡುವ ಸ್ಕ್ರೂ ಅದು. ನಾನು ಮುಟ್ಟಿರಲಿಲ್ಲ. ಮುಟ್ಟಿಲ್ಲ ಅಂತ ಮೂರು ಸಲ ಹೇಳಿದೆ, ಹೋಂವರ್ಕ್ ಮಾಡದ ಹುಡುಗ ಹೇಳುವ ಹಾಗೆ. ಆಮೇಲೆ ನೀಲಿ ಟಿಕ್ ಮಾತ್ರ.

ಕೊನೆಗೆ ತಲೆ ತಗ್ಗಿಸಿಕೊಂಡು ನಮ್ಮ ಊರಿನ ಮೇಸ್ತ್ರಿ ಹತ್ತಿರವೇ ಹೋದೆ. ಅವರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಮೊದಲು ಏರ್ ಸ್ಕ್ರೂ ತಿರುಗಿಸಿ ನೋಡಿದರು. ಪೂರ್ತಿ ಒಳಗೆ ಬಿಗಿದಿತ್ತು. ಈ ಗಾಡಿಗೆ ಅದು ಒಂದೂವರೆ ಸುತ್ತಿನ ಆಸುಪಾಸು ಹೊರಗೆ ಇರಬೇಕಂತೆ. ಒಳಗೆ ಬಿಗಿದರೆ ಸ್ಲೋದಲ್ಲಿ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಸ್ಲೋ ಸ್ಕ್ರೂ ಕೂಡ ಸಿಕ್ಕಾಪಟ್ಟೆ ಏರಿಸಿದ್ದ. ‘ಎಲ್ಲೋ ಗಾಳಿ ಎಳೀತಾ ಇದೆ. ಅದನ್ನು ಮುಚ್ಚೋಕೆ ಹೀಗೆ ಮಾಡಿದ್ದು’ ಅಂದರು.

ಎಂಜಿನ್ ಸ್ಲೋದಲ್ಲಿ ಬಿಟ್ಟು, ಕಾರ್ಬೊರೇಟರ್ ಹಿಡಿದಿರುವ ರಬ್ಬರ್ ಜಾಯಿಂಟಿನ ಸುತ್ತ ಕ್ಲೀನರ್ ಸ್ಪ್ರೇ ಹೊಡೆದರು. ಏನೂ ಆಗಲಿಲ್ಲ. ಬ್ಲಾಕಿನ ಬುಡಕ್ಕೆ ಹೊಡೆದರು. ಏನೂ ಇಲ್ಲ. ಕ್ರ್ಯಾಂಕಿನ ತುದಿಯಲ್ಲಿ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ಟಿನ ಕವರ್ ಬಿಚ್ಚಿ ಅದರ ಹಿಂದಕ್ಕೆ ಚೂರು ಹೊಡೆದದ್ದೇ ತಡ, ಎಂಜಿನ್ ಸದ್ದು ತಟ್ಟನೆ ಬದಲಾಯಿತು. ಅಲ್ಲಿಂದಲೇ ಒಳಗೆ ಎಳೆಯುತ್ತಿತ್ತು. (ಮನೆಯಲ್ಲಿ ಈ ಸಾಹಸ ಬೇಡ, ಬೆಂಕಿ ಹತ್ತುತ್ತದೆ.) ಮ್ಯಾಗ್ನೆಟ್ ಎಳೆದು ತೆಗೆದರೆ ಹಿಂದೆ ಕ್ರ್ಯಾಂಕಿನ ಆಯಿಲ್ ಸೀಲ್. ರಬ್ಬರ್ ಒಣಗಿ ಕಲ್ಲಾಗಿದೆ, ತುಟಿ ಸೀಳಿದೆ. ಹಳೇದು. ಬಿಲ್ ಹಿಡಿದುಕೊಂಡು ನಿಂತಿದ್ದೆ ನಾನು, ಆಯಿಲ್ ಸೀಲ್ ಸೆಟ್ ಅನ್ನುವ ಸಾಲಿನ ಮೇಲೆ ಬೆರಳಿಟ್ಟು.

‘ಕ್ರ್ಯಾಂಕ್ ಹೊರಗೆ ತೆಗೆದವರು ಯಾರೂ ಈ ಸೀಲ್ ವಾಪಸ್ ಹಾಕುವುದಿಲ್ಲ’ ಅಂದರು ಮೇಸ್ತ್ರಿ. ಕ್ರ್ಯಾಂಕ್ ಕೂತಿರುವ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸಿನ ಸ್ಕ್ರೂಗಳನ್ನು ತೋರಿಸಿದರು. ತಲೆಯ ಗೀರಿನಲ್ಲಿ ಹಳೇ ಮಣ್ಣು ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್ ತಾಗಿದ ಗುರುತೇ ಇಲ್ಲ. ರಾಡ್ ಕಿಟ್, ಬೇರಿಂಗ್ ಎಲ್ಲಿ ಹಾಕಿದ ಹಾಗಾದರೆ? ಕೇಸ್ ಬಿಚ್ಚದೆ ಅದ್ಯಾವ ಮಂತ್ರ? ಮೇಲಿನ ಬ್ಲಾಕ್ ಮಾತ್ರ ಬಿಚ್ಚಿ, ಕೆಳಗಿನದಕ್ಕೂ ದುಡ್ಡು ತಗೊಂಡಿದ್ದ.

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸಿಗೆ ಹೊರಗಿನ ಗಾಳಿ ಹೋಗಲೇಬಾರದು. ಪೆಟ್ರೋಲ್ ಗಾಳಿ ಮಿಶ್ರಣ ಪಿಸ್ಟನ್ ಕೆಳಗೇ ಬಂದು, ಅಲ್ಲಿಂದ ಮೇಲೆ ಹೋಗುವುದು. ಕಳ್ಳಗಾಳಿ ಸೇರಿದರೆ ಸ್ಲೋ ನಿಲ್ಲುವುದಿಲ್ಲ ಅನ್ನುವುದು ಸಣ್ಣ ಕಥೆ. ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ನನ್ನ ಹೊಸ ಪಿಸ್ಟನ್ ಮೇಲೆ ಆಗಲೇ ಉದ್ದುದ್ದ ಗೀರು. ಈಗ ಮತ್ತೆ ಬೋರ್, 0.50ಕ್ಕೆ. 50 ಮಿಲಿಮೀಟರ್ ಬೋರಿನ ಬ್ಲಾಕ್ ಅದು, ಹೀಗೆ ಕೊರೆಸಿಕೊಂಡೇ ಹೋಗೋಕೆ ಬಾವಿ ಅಲ್ಲ. ದುಡ್ಡು ಹೋದರೆ ಹೋಗಲಿ, ಒರಿಜಿನಲ್ ಬ್ಲಾಕ್ ಎಲ್ಲಿಂದ ತರಲಿ?

ಅವತ್ತು ರಾತ್ರಿ ಆ ವಿಡಿಯೋ ಮತ್ತೆ ನೋಡಿದೆ. ಹತ್ತು ಸಲ ನೋಡಿರಬೇಕು. ಅದರಲ್ಲಿ ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡೋಕೆ ಪೆಟ್ರೋಲ್ ಪಾಲು ಹೆಚ್ಚಿಸುವ ಕಡ್ಡಿ) ಎತ್ತಿದ್ದು ಕಾಣುತ್ತದೆ. ಸ್ಪಷ್ಟವಾಗಿ ಕಾಣುತ್ತದೆ! ಬಿಸಿ ಎಂಜಿನ್, ಚೋಕ್ ಎತ್ತಿದೆ, ಆದರೂ ನೆಟ್ಟಗೆ ಓಡುತ್ತಿದೆ. ಸರಿ ಇರುವ ಎಂಜಿನ್ ಆಗಿದ್ದರೆ ಹಾಗೆ ಉಸಿರುಕಟ್ಟಿ ಆಫ್ ಆಗಬೇಕಿತ್ತು. ನಾನು ಹೊರಡುವಾಗ ಅವನೇ ಬಗ್ಗಿ ಏನೋ ಒರೆಸಿದ ಹಾಗೆ ಮಾಡಿದ್ದ. ಚೋಕ್ ಇಳಿಸಿದ್ದು ಆಗಲೇ ಇರಬೇಕು. ನೂರಾಎಂಬತ್ತು ಜನ ನೋಡಿದ ಸ್ಟೇಟಸ್ ಅದು. ನಾನೇ ನನ್ನ ಮೋಸದ ಸಾಕ್ಷಿಯನ್ನು ಊರಿಗೆಲ್ಲ ಹಂಚಿದ್ದೇನೆ.

ಚೋಕ್ ಕಾಣುವ ಫೋಟೋ, ಸೀಲ್ ಫೋಟೋ ಎರಡನ್ನೂ ಅವನಿಗೆ ಕಳಿಸಿದೆ. ಎರಡು ದಿನದ ಮೇಲೆ ವಾಯ್ಸ್ ಮೆಸೇಜ್: ‘ಬೇರೆಯವರ ಹತ್ರ ಬಿಚ್ಚಿಸಿದ ಮೇಲೆ ನಾವೆಂತ ಮಾಡೂಕೆ ಬರ್ತದೆ ಮಾಸ್ತರೇ? ಆ ಸೀಲ್ ಅವ್ರೇ ಹಾಕಿರಬಹುದು.’ ಹಿಂದೆ ಯಾರೋ ನಗುವ ಸದ್ದು.

ಎಂಜಿನ್ ಬಿಚ್ಚಿಸುವವರಿಗೆ ಹೇಳುವುದಿಷ್ಟು. ಹಳೇ ಸಾಮಾನು ನೋಡದೆ ದುಡ್ಡು ಕೊಡಬೇಡಿ, ಗುಜರಿ ಕಥೆ ಕೇಳಬೇಡಿ. ಕೇಸ್ ಬಿಚ್ಚಿಟ್ಟ ದಿನ ಹೋಗಿ ಕಣ್ಣಾರೆ ನೋಡಿ, ಆಗದಿದ್ದರೆ ವಿಡಿಯೋ ಕಾಲ್ ಮಾಡಿಸಿ. ಮತ್ತೆ, ನಗುನಗುತ್ತಾ ಎಂಟು ದಿನ ಅನ್ನುವವನಿಗಿಂತ ಮುಖ ಗಂಟು ಹಾಕಿ ಎರಡು ತಿಂಗಳು ಅನ್ನುವವರೇ ವಾಸಿ.

ಇಷ್ಟು ಬರೆಯುವ ಮನಸ್ಸೂ ಇರಲಿಲ್ಲ. ನಿನ್ನೆ ಒಬ್ಬ ಹಳೇ ವಿದ್ಯಾರ್ಥಿ ಫೋನ್ ಮಾಡಿದ. ‘ಸರ್, ನಿಮ್ಮ ಸ್ಟೇಟಸ್ ನೋಡಿ ನಾನೂ ಅಲ್ಲೇ ಗಾಡಿ ಕೊಟ್ಟಿದ್ದೇನೆ. ಭಾನುವಾರ ಬನ್ನಿ, ರೆಡಿ ಮಾಡಿ ಇಡ್ತೆ ಅಂದಿದ್ದಾರೆ’ ಅಂದ, ಖುಷಿಯಲ್ಲಿ. ಏನು ಹೇಳಲಿ ಅವನಿಗೆ? ಶನಿವಾರವೇ ಹೋಗು, ಹೇಳದೆ ಹೋಗು ಅಂದೆ. ಎಂಜಿನ್ ಮುಟ್ಟಿ ನೋಡು, ತಣ್ಣಗಿದ್ದರೆ ನೀನೇ ಕಿಕ್ ಹೊಡಿ. ಕಾದ ಮೇಲೆ ಚೋಕ್ ಇಳಿಸಿ, ಕಾಲು ಗಂಟೆ ಹಾಗೇ ಬಿಡು. ‘ಯಾಕೆ ಸರ್, ನಿಮ್ಮದು ಚೆನ್ನಾಗಿದೆಯಲ್ಲ?’ ಅಂದ.